ಹಾಲಿನಲ್ಲಿ ತೊಳೆದ ಕೈ

ನಮ್ಮ ಗಾಜಿನಮನೆಯ ಬಾಗಿಲ ಪಕ್ಕದಲ್ಲಿ ಒಂದು ಸ್ಟೀಲಿನ ಬೋಗುಣಿ ಇರುತ್ತಿತ್ತು, ಅದರ ತುಂಬ ಕೆನೆ ತೆಗೆದ ಹಾಲು. ಒಳಗೆ ಹೋಗುವವರು ಯಾರೇ ಆಗಲಿ, ಸೋಪು ಹಚ್ಚಿ ಕೈ ತೊಳೆದು, ಆಮೇಲೆ ಆ ಹಾಲಿನಲ್ಲಿ ಮೊಣಕೈವರೆಗೆ ಅದ್ದಿ, ಒರೆಸದೆ ಆರಲು ಬಿಟ್ಟು, ಅದರ ಮೇಲೆ ಕೈಗವಸು ಹಾಕಿಕೊಳ್ಳಬೇಕು. ಹೊಸದಾಗಿ ಕೆಲಸಕ್ಕೆ ಬಂದವರು ಇದನ್ನು ನೋಡಿ ನಗುತ್ತಿದ್ದರು. ಬಾಗಿಲಲ್ಲಿ ನಿಂತು ಅವರ ಕೈ ಅದ್ದಿಸುತ್ತಿದ್ದ ಹೆಂಗಸು ಗದರುತ್ತಿರಲಿಲ್ಲ. “ನಗಿ, ಯಾರು ಬೇಡ ಅಂದ್ರು? ಅದ್ದಿಬಿಟ್ಟು ನಗಿ,” ಎನ್ನುತ್ತಿದ್ದಳು.

ಆಕೆಗೆ ಹಾಲುಗೈ ಅಕ್ಕ ಎಂದು ಹೆಸರು ಬಿದ್ದದ್ದು ಹಾಗೆ. ನನಗಿಂತ ಚಿಕ್ಕವಳು, ಆದರೆ ಅಲ್ಲಿ ಎಲ್ಲರಿಗೂ ಅಕ್ಕ. ಕಡೆಕಡೆಗೆ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಸಂಸ್ಥೆಯ ಮುಖ್ಯಸ್ಥೆ ನಾನಾಗಿದ್ದೆ. ಬೋಗುಣಿಯ ನಿಯಮ ಮಾಡಿದವಳೂ ನಾನೇ.

ಹಾಲು ಯಾಕೆಂದು ಹೇಳಬೇಕು. ನಾವು ಬೆಳೆಸುತ್ತಿದ್ದುದು ಹೊಗೆಸೊಪ್ಪಿನ ದಾಯಾದಿಯಾದ ಒಂದು ಗಿಡ. ಅದು ಸೇದಲು ಬಾರದು, ಜಗಿಯಲು ಬಾರದು, ನೋಡಲು ಕೂಡ ಹೇಳಿಕೊಳ್ಳುವಂಥದ್ದಲ್ಲ. ಹೊರಗಿನಿಂದ ಒಳಬರುವುದನ್ನು ತಡೆಯುವ ಶಕ್ತಿ ಅದಕ್ಕೆ ಬಹಳ ಕಡಿಮೆ. ನಮಗೆ ಬೇಕಾದ ಗುಣವೂ ಅದೇ. ಮನುಷ್ಯನ ದೇಹದಲ್ಲಿ ತಯಾರಾಗುವ ಒಂದು ಪ್ರೋಟೀನಿನ ಸೂತ್ರವನ್ನು ಮಣ್ಣಿನ ಒಂದು ಬ್ಯಾಕ್ಟೀರಿಯಾದ ಮೂಲಕ ಅದರ ಎಲೆಯೊಳಗೆ ಸೇರಿಸಿದರೆ, ಕೆಲವೇ ದಿನಗಳಲ್ಲಿ ಎಲೆ ಅದನ್ನು ತನ್ನದೇ ಎಂಬಂತೆ ತಯಾರಿಸಿ ಕೂಡಿಡುತ್ತದೆ. ಎಲೆ ಅರೆದು, ಸೋಸಿ, ಶುದ್ಧ ಮಾಡಿದರೆ ಔಷಧ. ನಮ್ಮದು ಒಂದು ಕಿಣ್ವ. ಕೆಲವು ಮಕ್ಕಳು ಅದಿಲ್ಲದೆ ಹುಟ್ಟುತ್ತವೆ. ಹೊಟ್ಟೆ ಊದುತ್ತದೆ, ಮೂಳೆ ಸವೆಯುತ್ತದೆ, ಬೆಳೆಯುವ ವಯಸ್ಸಿನಲ್ಲಿ ಸೊರಗುತ್ತವೆ.

ತಡೆಯುವ ಶಕ್ತಿ ಇಲ್ಲದ ಗಿಡಕ್ಕೆ ರೋಗವೂ ಬೇಗ. ಹೊಗೆಸೊಪ್ಪಿನಲ್ಲಿ ಒಂದು ವೈರಸ್ ಇರುತ್ತದೆ. ಎಲೆ ಒಣಗಿದರೂ, ಹದವಾದರೂ, ಡಬ್ಬಿಯೊಳಗೆ ವರ್ಷಗಟ್ಟಲೆ ಕೂತರೂ ಅದು ಸಾಯುವುದಿಲ್ಲ. ಮನುಷ್ಯನಿಗೆ ಅದರಿಂದ ಏನೂ ಆಗದು. ಆದರೆ ಹೊಗೆಸೊಪ್ಪು ಮುಟ್ಟಿದ ಬೆರಳು ನಮ್ಮ ಗಿಡಕ್ಕೆ ತಗುಲಿದರೆ ಎಲೆಯ ಮೇಲೆ ಮಚ್ಚೆ ಎದ್ದು, ಮುರುಟಿ, ಒಂದು ಗಿಡದಿಂದ ಇನ್ನೊಂದಕ್ಕೆ ಹರಡಿ ಇಡೀ ಕೋಣೆ ಹಾಳಾಗುತ್ತದೆ. ಹಾಲಿನಲ್ಲಿರುವ ಪ್ರೋಟೀನು ಆ ವೈರಸ್ಸಿನ ಸುತ್ತ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಕೈಗವಸು ಸಾಲದೇ ಎಂದು ಕೇಳುವವರಿದ್ದಾರೆ. ಕೈಗವಸಿಗೂ ಬಾಗಿಲ ಹಿಡಿ, ಕೂದಲು, ತೋಳು ಎಲ್ಲ ತಗಲುತ್ತದೆ. ಸಾಲದು.

ಹಾಲುಗೈ ಅಕ್ಕ ಬೆಳೆದದ್ದೇ ಹೊಗೆಸೊಪ್ಪಿನ ನಡುವೆ. ನಮ್ಮ ಸಂಸ್ಥೆ ಇರುವ ಕಟ್ಟಡ ಮೊದಲು ಹೊಗೆಸೊಪ್ಪಿನ ಕಾರ್ಖಾನೆಯಾಗಿತ್ತು. ಆಕೆಯ ತಾಯಿ ಅಲ್ಲಿ ಎಲೆ ವಿಂಗಡಿಸುತ್ತಿದ್ದಳು. ತನ್ನ ಜಡೆ ತಾನೇ ಹಾಕಿಕೊಳ್ಳಲು ಬರುವ ಹೊತ್ತಿಗೆಲ್ಲ ಮಗಳೂ ತಾಯಿಯ ಪಕ್ಕದ ಬೆಂಚಿನಲ್ಲಿ ಕೂತಳು. ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣ ನೋಡಿ, ನರ ನೋಡಿ, ಬೆರಳಲ್ಲಿ ಒತ್ತಿ ಹದ ನೋಡಿ, ಆಯಾ ರಾಶಿಗೆ ಹಾಕುವುದು ಕೆಲಸ. ಗೋಡೆಗೂ ಕೂದಲಿಗೂ ಊಟದ ಡಬ್ಬಿಗೂ ಒಂದೇ ವಾಸನೆ. ಮನೆಗೆ ಹೋದರೆ ಬೆಕ್ಕು ಕೂಡ ಹತ್ತಿರ ಬರುತ್ತಿರಲಿಲ್ಲ ಎಂದು ಆಕೆ ಹೇಳುತ್ತಿದ್ದಳು.

ಕಾರ್ಖಾನೆಯ ಹಿಂದೆ ಎಲೆ ಹದಮಾಡುವ ಮನೆ ಇತ್ತು. ಸಾಲಾಗಿ ತೂಗುಹಾಕಿದ ಹಸಿ ಎಲೆಗೆ ಕೆಳಗಿನಿಂದ ಬಿಸಿಗಾಳಿ ಕೊಟ್ಟು ಹಳದಿ ಮಾಡುವ ಜಾಗ. ಅಲ್ಲಿಯ ಮೇಸ್ತ್ರಿ ಒಬ್ಬ ತೆಳ್ಳಗಿನ, ಮಾತಿನ ಮನುಷ್ಯ. ಬಾಗಿಲು ತೆರೆಯದೆ, ಬಿರುಕಿಗೆ ಮೂಗಿಟ್ಟು ಒಳಗಿನ ಎಲೆ ಹಣ್ಣಾಯಿತೋ ಇಲ್ಲವೋ ಹೇಳುತ್ತಿದ್ದನಂತೆ. ಆಕೆ ಮೇಜಿನ ಕೆಳಗೆ ಬಿದ್ದ ಚೂರುಪಾರು ಎಲೆಯಿಂದ ಒಂದು ಚುಟ್ಟ ಸುತ್ತಿ, ಊಟದ ಬಿಡುವಿನಲ್ಲಿ ಹದದ ಮನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದಳು. ಕೆಲವು ದಿನ ಹೀಗೆ ನಡೆದ ಮೇಲೆ ಆತ ಎದುರು ಬಂದು ನಿಂತ.

“ಯಾರೋ ಕಿಟಕಿ ಮೇಲೆ ದಿನಾ ಚುಟ್ಟ ಮರ್ತು ಹೋಗ್ತಿದಾರೆ,” ಎಂದ.

“ಮರ್ತಿದ್ರೆ ವಾಪಸ್ ಕೊಟ್ಬಿಡಿ.”

“ಸೇದಿಬಿಟ್ನಲ್ಲ.”

“ಹಂಗಾದ್ರೆ ನೀವು ಕಳ್ರು.”

“ಕಳ್ಳನ್ನ ಕಟ್ಕೊಳ್ಳೋ ಧೈರ್ಯ ಇದೆಯಾ?”

ಇತ್ತು. ಮದುವೆಯಾದ ಮೇಲೆ ಮರುದಿನದ ಚುಟ್ಟಗಳನ್ನು ಹಿಂದಿನ ಸಂಜೆಯೇ ಸುತ್ತಿ ಅವನ ತಗಡಿನ ಡಬ್ಬಿಯಲ್ಲಿ ಜೋಡಿಸಿಡುವುದು ಆಕೆಯ ಕೆಲಸವಾಯಿತು. ಬಿಗಿಯಾಗಿ, ತೆಳ್ಳಗೆ, ತುದಿ ಮಡಚಿ. ಅವರಿಬ್ಬರ ನಡುವೆ ಇದ್ದ ಸರಸವೆಂದರೆ ಅದೇ. ಆಕೆ ಮುನಿಸಿಕೊಂಡ ದಿನ ಚುಟ್ಟ ದಪ್ಪವಾಗುತ್ತಿತ್ತಂತೆ. ಡಬ್ಬಿ ತೆರೆದು ನೋಡಿದರೆ ಸಾಕು, ಮೇಸ್ತ್ರಿಗೆ ಮನೆಯ ಹವೆ ಗೊತ್ತಾಗುತ್ತಿತ್ತು.

ಕಾರ್ಖಾನೆ ಮುಚ್ಚಿತು. ಕಟ್ಟಡ ಕೆಲವು ವರ್ಷ ಪಾರಿವಾಳಗಳ ಪಾಲಾಗಿ, ಆಮೇಲೆ ನಮ್ಮದಾಯಿತು. ಹದದ ಮನೆ ಇದ್ದ ಜಾಗದಲ್ಲೇ ಗಾಜಿನಮನೆ ಎದ್ದಿತು. ನೆಲವನ್ನು ಅಗೆದು, ಗೋಡೆಗಳನ್ನು ಕೆರೆದು, ಹಳೆಯ ಹೊಗೆಸೊಪ್ಪಿನ ಒಂದು ಕಣವೂ ಉಳಿಯದಂತೆ ಮಾಡಿಸಿದೆ. ಕೆಲಸಕ್ಕೆ ಜನ ಬೇಕಾದಾಗ ಹಾಲುಗೈ ಅಕ್ಕನೂ ಮೇಸ್ತ್ರಿಯೂ ಒಟ್ಟಿಗೇ ಬಂದರು, ಇಬ್ಬರೂ ತಲೆ ಬಾಚಿಕೊಂಡು, ಮದುವೆಗೆ ಹೊರಟವರ ಹಾಗೆ.

ಆಕೆ ಎಂದೂ ಸೇದಿದವಳಲ್ಲ. ಮೇಸ್ತ್ರಿಯನ್ನು ಕೇಳಿದೆ: “ಹೊಗೆಸೊಪ್ಪು ಬಿಡ್ತೀರಾ?”

“ಮೇಡಂ, ಇದೇ ಜಾಗದಲ್ಲಿ ಜೀವಮಾನ ಎಲ್ಲ ಹೊಗೆಸೊಪ್ಪು ಹದ ಮಾಡಿದೋನು ನಾನು. ಈಗ ಅದರ ತಮ್ಮನ್ನ ನೋಡ್ಕೊಳ್ಳೋಕೆ ಅಣ್ಣನ್ನ ಬಿಟ್ಬಿಡು ಅಂತೀರಲ್ಲ.”

“ಬಿಡ್ತೀರೋ ಇಲ್ವೋ?”

“ಹೂಂ ಅಂತ ಸುಳ್ಳು ಹೇಳಬಹುದು. ಆದ್ರೆ ಆಗಲ್ಲ ಮೇಡಂ,” ಎಂದ.

ಪ್ರಾಮಾಣಿಕ ಮನುಷ್ಯ. ಕೆಲಸ ಕೊಡಲಿಲ್ಲ. ಆಕೆಗೆ ಕೊಟ್ಟೆ, ಷರತ್ತಿನ ಮೇಲೆ: ಮನೆಯಲ್ಲಿ ಹೊಗೆಸೊಪ್ಪು ಮುಟ್ಟಬಾರದು, ಬಂದ ಕೂಡಲೇ ಇಲ್ಲಿಯೇ ಸ್ನಾನ, ಇಲ್ಲಿಯ ಬಟ್ಟೆ, ಕತ್ತರಿಸಿದ ಉಗುರು. ಮನೆಯೊಳಗಿನ ಮಾತು ಇಲ್ಲಿ ಬಂದಿರುವುದೆಲ್ಲ ಆಕೆಯೂ ಆಕೆಯ ಮಗಳೂ ಆಮೇಲೆ ನನಗೆ ಹೇಳಿದ್ದು.

ಅಂದು ಸಂಜೆ ಆಕೆ ಗಂಡನಿಗೆ ಹೇಳಿದಳು: “ಇನ್ಮೇಲೆ ನಿಮ್ಮ ಚುಟ್ಟ ನೀವೇ ಸುತ್ಕೋಬೇಕು ರೀ.”

“ಗಂಡನ್ನ ಬಿಟ್ಟೆ ಅನ್ನು.”

“ಗಂಡನ್ನಲ್ಲ. ಗಂಡನ ಚುಟ್ಟಾನ.”

“ಎರಡನ್ನೂ ಬೇರೆ ಬೇರೆ ಮಾಡಿ ತೋರ್ಸು ನೋಡೋಣ,” ಎಂದು ನಕ್ಕನಂತೆ. ಆದರೆ ಅಂದಿನಿಂದ ತಾನೇ ಸುತ್ತಿಕೊಂಡ.

ಎಲೆ ಹದಮಾಡುವುದರಲ್ಲಿ ಎತ್ತಿದ ಕೈ, ಸುತ್ತುವುದರಲ್ಲಿ ಒರಟು ಕೈ. ಅವನ ಚುಟ್ಟಕ್ಕೆ ಹೊಟ್ಟೆ ದಪ್ಪ, ಬಾಯಿ ಸಡಿಲ. ಕಿಡಿ ಉದುರಿ ಅಂಗಿಯೆಲ್ಲ ತೂತು. ಮಗಳು ಬಟ್ಟೆ ಹೊಲಿಯುವವಳು, ಎರಡು ಬೀದಿ ಆಚೆ ಗಂಡನೊಂದಿಗೆ ಇದ್ದಳು; ತೇಪೆ ಹಾಕುವಾಗಲೆಲ್ಲ, “ಅಪ್ಪ, ಇದು ಅಂಗಿನಾ, ಜರಡಿನಾ?” ಎಂದು ರೇಗಿಸುತ್ತಿದ್ದಳು. ಆತ ಸೇದುವುದು ಹಿತ್ತಲ ಮೆಟ್ಟಿಲ ಮೇಲೆ. ಅವನ ಕುರ್ಚಿ ಬೇರೆ, ಟವೆಲು ಬೇರೆ, ಲೋಟ ಬೇರೆ. ತಗಡಿನ ಡಬ್ಬಿ ಇಡುವ ಗೂಡಿನ ಕಡೆ ಆಕೆ ಪೊರಕೆಯನ್ನೂ ತೆಗೆದುಕೊಂಡು ಹೋಗುತ್ತಿರಲಿಲ್ಲ.

ಒಂದು ಸಂಜೆ ಆಕೆ ಬಂದು ನೋಡಿದರೆ ಮೇಸ್ತ್ರಿ ಅಡುಗೆಮನೆಯಲ್ಲಿ ನಿಂತು, ಪಾತ್ರೆಯಲ್ಲಿದ್ದ ಹಾಲನ್ನೆಲ್ಲ ತಟ್ಟೆಗೆ ಸುರಿದು ಕೈ ಅದ್ದಿಕೊಂಡಿದ್ದ.

“ಏನ್ರೀ ಇದು?”

“ನಿಮ್ಮ ಆಫೀಸಿನ ಕಾನೂನು. ಹೆಂಡತಿ ಕೈ ಹಿಡೀಬೇಕು ಅನ್ನಿಸ್ತು.”

“ಟೀಗೆ ಹಾಲಿಲ್ಲ ಈಗ.”

“ಕೈ ಕೊಡೇ ಮೊದ್ಲು. ಟೀ ಕರೀದು ಕುಡಿದ್ರಾಯ್ತು.”

ಕೈ ಕೊಟ್ಟಳು. ಇದನ್ನು ನನಗೆ ಹೇಳುವಾಗ ನಕ್ಕಳು. “ಕೈ ಅಂಟಂಟು ಮೇಡಂ. ನೊಣ ಬೇರೆ,” ಎಂದಳು.

ಗಾಜಿನಮನೆಯಲ್ಲಿ ಆಕೆಯ ಕೆಲಸ ಎರಡು ಬಗೆಯದು. ಹುಡಿಯಂಥ ಬೀಜ ಬಿತ್ತಿ ಗಿಡಗಳನ್ನು ಎತ್ತುವುದು ಒಂದು. ಗಿಡ ಹದಕ್ಕೆ ಬಂದಾಗ ಅದ್ದುವುದು ಇನ್ನೊಂದು. ಅದ್ದುವುದೆಂದರೆ, ತಟ್ಟೆಯಲ್ಲಿ ಕೂಡಿಸಿದ ಗಿಡಗಳನ್ನು ತಲೆಕೆಳಗು ಮಾಡಿ, ಬ್ಯಾಕ್ಟೀರಿಯಾ ತುಂಬಿದ ನೀರಿನ ತೊಟ್ಟಿಗೆ ಎಲೆ ಪೂರ್ತಿ ಮುಳುಗುವಂತೆ ಇಳಿಸಿ, ಮುಚ್ಚಳ ಹಾಕಿ, ಪಂಪಿನಿಂದ ಒಳಗಿನ ಗಾಳಿಯನ್ನು ಎಳೆಯುವುದು. ಎಲೆಯೊಳಗಿದ್ದ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ತೊಟ್ಟಿಗೆ ಮತ್ತೆ ಗಾಳಿ ಬಿಟ್ಟ ಕೂಡಲೇ ಎಲೆಯೊಳಗೆ ಖಾಲಿಯಾದ ಜಾಗಕ್ಕೆ ನೀರು ನುಗ್ಗುತ್ತದೆ. ಮೇಲೆತ್ತಿದಾಗ ಎಲೆ ಕಪ್ಪಗೆ, ಭಾರವಾಗಿ, ಒದ್ದೆ ಬಟ್ಟೆಯಂತೆ ಜೋತು ಬಿದ್ದಿರುತ್ತದೆ. ಒಂದು ದಿನದಲ್ಲಿ ಚೇತರಿಸಿಕೊಂಡು, ವಾರದೊಳಗೆ ನಮಗೆ ಬೇಕಾದ್ದನ್ನು ಕೊಡುತ್ತದೆ. ಆಮೇಲೆ ಗಿಡ ಉಳಿಯುವುದಿಲ್ಲ. ತಲೆಕೆಳಗು ಮಾಡುವಾಗ ದಂಟು ಮುರಿಯದಂತೆ ಹಿಡಿಯುವುದಕ್ಕೆ ಅಭ್ಯಾಸ ಬೇಕು. ಒಬ್ಬ ಹುಡುಗಿ ಕಲಿಯುತ್ತಿದ್ದಳು; ಅವಳ ಕೈಯಲ್ಲಿ ಕೆಲವು ಮುರಿಯುತ್ತಿದ್ದವು. ಅಕ್ಕನ ಕೈಯಲ್ಲಿ ಅಪರೂಪ.

ಔಷಧವನ್ನು ಮೊದಲ ಬಾರಿ ಒಂದು ಮಗುವಿಗೆ ಕೊಡುವುದು ನಿಶ್ಚಯವಾದ ವರ್ಷ ಅದಕ್ಕಾಗಿ ಬೆಳೆಸಿದ ಗಿಡಗಳಲ್ಲಿ ಮಚ್ಚೆ ಕಾಣಿಸಿತು. ಮೊದಲು ಮೂಲೆಯ ತಟ್ಟೆಯಲ್ಲಿ, ಆಮೇಲೆ ಎಲ್ಲ ಕಡೆ. ಪರೀಕ್ಷೆ ಮಾಡಿದೆವು. ಅದೇ ವೈರಸ್. ಇಡೀ ಕೋಣೆಯನ್ನು ಸುಡಬೇಕಾಯಿತು. ಅಕ್ಕ ಯಾರ ಸಹಾಯವನ್ನೂ ಕೇಳದೆ ತಟ್ಟೆಗಳನ್ನು ಒಂದೊಂದಾಗಿ ಹೊತ್ತು ಸುಡುವ ಒಲೆಗೆ ಹಾಕಿದಳು. ಮುಗಿಸಿ ಬಂದು ನನ್ನ ಮೇಜಿನ ಮುಂದೆ ನಿಂತಳು.

“ಮೇಡಂ, ನಮ್ಮನೇಯಿಂದ್ಲೇ ಬಂದಿರಬೇಕು. ಹಿಂದಿನ ವಾರ ಅವರಿಗೆ ಕೆಮ್ಮು ಜಾಸ್ತಿ ಆಗಿತ್ತು. ಬೆನ್ನು ನೀವಿದೆ. ಅಂಗಿ ಮುಟ್ಟಿದೆ.”

“ಹಾಗೆ ಹೇಳೋಕೆ ಆಧಾರ ಇಲ್ಲ.”

“ಅಲ್ಲ ಅನ್ನೋಕೆ ಇದೆಯಾ?”

ಅದಕ್ಕೂ ಇರಲಿಲ್ಲ. ಕೊಂಡು ತಂದ ಗೊಬ್ಬರದ ಮಣ್ಣಿನಿಂದಲೂ ಬಂದಿರಬಹುದು, ನಲ್ಲಿ ರಿಪೇರಿಗೆ ಬಂದವನಿಂದಲೂ ಬಂದಿರಬಹುದು. ಎಲ್ಲಿಂದ ಎಂಬುದು ಕೊನೆಗೂ ತಿಳಿಯಲಿಲ್ಲ. ನಾನು ನಿಯಮವನ್ನು ಇನ್ನೂ ಬಿಗಿ ಮಾಡಿದೆ: ಹೊಗೆಸೊಪ್ಪು ಮುಟ್ಟಿದವರು, ಮುಟ್ಟಿದವರ ಕೈ ಮುಟ್ಟಿದವರು, ಒಂದು ವಾರ ಗಿಡಗಳ ಹತ್ತಿರ ಬರುವಂತಿಲ್ಲ. ಆ ನಿಯಮ ಸರಿಯಾಗಿತ್ತು. ಇಂದೂ ನಾನು ಅದನ್ನೇ ಮಾಡುತ್ತೇನೆ.

ನಾವು ಮತ್ತೆ ಬೀಜದಿಂದ ಶುರುಮಾಡಿದೆವು. ಆ ಮಗುವಿನ ಔಷಧ ಅಷ್ಟು ಮುಂದಕ್ಕೆ ಹೋಯಿತು. ಹಾಲುಗೈ ಅಕ್ಕ ಮನೆಯಲ್ಲಿ ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿಕೊಂಡಳು. ಮೇಸ್ತ್ರಿ ಮಗಳಿಗೆ, “ನಿಮ್ಮಮ್ಮನಿಗೆ ಈಗ ಗಿಡದ ಜೊತೆ ಸಂಸಾರ. ನಾನು ಮೊದಲನೇ ಗಂಡ,” ಎಂದನಂತೆ.

ಕೆಮ್ಮು ಕೆಮ್ಮಾಗಿ ಉಳಿಯಲಿಲ್ಲ. ಶ್ವಾಸಕೋಶ ಪೂರ್ತಿ ಹೋಗಿದೆ ಎಂದು ಆಸ್ಪತ್ರೆಯಲ್ಲಿ ಹೇಳಿ, ಆಮ್ಲಜನಕದ ಸಿಲಿಂಡರು ಕೊಟ್ಟು ಮನೆಗೆ ಕಳಿಸಿದರು. ಸಿಲಿಂಡರು ಇರುವ ಕೋಣೆಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಜೀವಮಾನದ ಚಟ ಹೀಗೆ ತಾನಾಗಿ ನಿಂತಿತು. ಆದರೆ ಡಬ್ಬಿ ದಿಂಬಿನ ಪಕ್ಕದಲ್ಲೇ ಇತ್ತು. ಆಗಾಗ ತೆರೆದು, ಎಲೆಯನ್ನು ಮೂಗಿಗೆ ಹಿಡಿದು, ಮುಚ್ಚಿಡುತ್ತಿದ್ದ. ಮಗಳು ಹಗಲೆಲ್ಲ ತನ್ನ ಹೊಲಿಗೆ ಯಂತ್ರವನ್ನು ಅಲ್ಲಿಗೇ ತಂದಿಟ್ಟುಕೊಂಡು ನೋಡಿಕೊಂಡಳು. ಅಕ್ಕ ಬಾಗಿಲ ಹೊಸ್ತಿಲಿನಲ್ಲಿ ಮಣೆ ಹಾಕಿಕೊಂಡು ಕೂತು ಅವನೊಂದಿಗೆ ಮಾತನಾಡುತ್ತಿದ್ದಳು.

“ನಿನ್ನ ಗಿಡದ ಹಂಗೆ ಆಗಿದೆ ಕಣೇ ನಂಗೆ,” ಎಂದ ಒಂದು ದಿನ. “ಒಳಗಿನ ಗಾಳಿ ಎಲ್ಲ ಎಳ್ಕೊಂಡ್ಬಿಟ್ಟಿದಾರೆ. ನೀನು ಹೇಳ್ದಂಗೆ ಆಮೇಲೆ ಏನೋ ಒಳ್ಳೇದು ತುಂಬ್ಬೇಕಲ್ಲ, ಅದನ್ನ ಮರ್ತಿದಾರೆ.”

“ಬರೀ ಮಾತು. ಮಾತು ಕಮ್ಮಿ ಮಾಡಿದ್ರೆ ಉಸಿರು ಉಳಿಯುತ್ತೆ.”

“ಉಳಿಸ್ಕೊಂಡು ಏನು ಮಾಡ್ಲಿ?”

ಹೊಸ ಗಿಡಗಳು ಚೆನ್ನಾಗಿ ಎದ್ದವು. ಮಚ್ಚೆಯಿಲ್ಲದ, ಒಂದೇ ಎತ್ತರದ ಹಸುರು. ಅದ್ದುವ ದಿನ ಗೊತ್ತಾಯಿತು. ಗಿಡದ ವಯಸ್ಸು ದಾಟಿದರೆ ಎಲೆಗೆ ಆ ಗುಣ ಉಳಿಯುವುದಿಲ್ಲವಾದ್ದರಿಂದ ದಿನವನ್ನು ಮುಂದೂಡುವ ಹಾಗಿರಲಿಲ್ಲ. ಅದರ ಹಿಂದಿನ ದಿನ ಸಂಜೆ ಮೇಸ್ತ್ರಿ ಹೆಂಡತಿಯನ್ನು ಕರೆದ.

“ಇವಳೇ, ಒಂದು ಚುಟ್ಟ ಸುತ್ತಿಕೊಡು.”

“ಏನ್ರೀ ನೀವು? ಸಿಲಿಂಡರ್ ಇಟ್ಕೊಂಡು…”

“ಹಚ್ಚಲ್ಲ. ಬಾಯಲ್ಲಿ ಇಟ್ಕೋತೀನಿ ಅಷ್ಟೇ. ಕೈ ನಡುಗುತ್ತೆ, ನಂಗೆ ಸುತ್ತೋಕೆ ಆಗ್ತಿಲ್ಲ.”

ಮಗಳು ಯಂತ್ರ ನಿಲ್ಲಿಸಿ, “ಕೊಡಪ್ಪ, ನಾನು ಸುತ್ತಿಕೊಡ್ತೀನಿ,” ಎಂದಳು.

“ನಿಂಗೆ ಬರಲ್ಲ ಬಿಡು. ನೀನು ಸುತ್ತಿದ್ರೆ ದಿಂಬಿನ ಕವರ್ ಆಗುತ್ತೆ. ನಿಮ್ಮಮ್ಮನ ಕೈದೇ ಬೇಕು.”

“ಅಮ್ಮ, ಗ್ಲೌಸ್ ಹಾಕ್ಕೊಂಡು ಸುತ್ತಿಕೊಡು ಹಂಗಾದ್ರೆ.”

ಮೇಸ್ತ್ರಿ ತಲೆಯಾಡಿಸಿದ. “ಹೆಣ ಮುಟ್ಟೋರ ಹಂಗೆ ಗ್ಲೌಸ್ ಹಾಕ್ಕೊಂಡು ನನ್ನ ಚುಟ್ಟ ಸುತ್ತೋದು ಬೇಡ. ಇನ್ನೂ ಇದೀನಿ.”

ಅಕ್ಕ ಹೊಸ್ತಿಲಿನಿಂದ ಏಳಲಿಲ್ಲ. ನಾಳೆ ಅದ್ದುವುದಿದೆ, ಆ ಮಗುವಿನದು ಒಂದು ಸಲ ಹಾಳಾಗಿದೆ, ಇನ್ನೊಂದು ಸಲ ತನ್ನ ಕೈಯಿಂದ ಆಗಬಾರದು ಎಂದಳು.

“ನಾಳೆ ಒಂದಿನ ರೀ. ಮುಗಿಸ್ಕೊಂಡು ಬಂದು ಸುತ್ತಿಕೊಡ್ತೀನಿ. ಆಮೇಲೆ ಒಂದು ವಾರ ರಜ ಹಾಕ್ತೀನಿ. ಡಬ್ಬಿ ತುಂಬ ಸುತ್ತಿಡ್ತೀನಿ, ಸಾಕಾ?”

“ತೆಳ್ಳಗೆ ಸುತ್ತಬೇಕು.”

“ತೆಳ್ಳಗೆ.”

“ಸರಿ ಹೋಗು. ನಾನೇನು ಎಲ್ಲಿಗೂ ಹೋಗಲ್ಲ,” ಎಂದ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಆಕೆಯನ್ನು ನೋಡಿ, ಮನೆಯಲ್ಲಿ ಹೇಗಿದ್ದಾರೆ ಎಂದು ಕೇಳಿದೆ. “ಇದಾರೆ ಮೇಡಂ,” ಎಂದಳು. ಚುಟ್ಟದ ಮಾತು ಹೇಳಲಿಲ್ಲ. ರಜೆಯನ್ನೂ ಕೇಳಲಿಲ್ಲ. ಎಂದಿನಂತೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಹಾಲಿನಲ್ಲಿ ಕೈ ಅದ್ದಿ ಒಳಗೆ ಹೋದಳು.

ಫೋನುಗಳನ್ನು ಹೊರಗಿನ ಕಪಾಟಿನಲ್ಲಿಟ್ಟು ಹೋಗಬೇಕು. ಮಗಳು ತಾಯಿಯ ಫೋನಿಗೆ ಮಾಡಿ, ಸಿಗದೆ, ಗೇಟಿಗೆ ಮಾಡಿದಳು. ಗೇಟಿನ ಕಾವಲುಗಾರ ನನ್ನ ಕೋಣೆಗೆ ಬಂದು ಹೇಳಿದ. ಮೂಗು ಚುರುಕಾದ ಮುದುಕ. ಹೊಗೆಸೊಪ್ಪಿನ ವಾಸನೆ ಇದ್ದವರನ್ನು ಗೇಟಿನಲ್ಲೇ ತಡೆಯುವುದು ಅವನ ಕೆಲಸ. ಮೇಸ್ತ್ರಿಯೊಂದಿಗೆ ಬೀದಿಯಲ್ಲಿ ದಿನಾ ಹರಟುತ್ತಿದ್ದವನು. ಹೇಳಿ ಮುಗಿಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

ನಾನು ಗಾಜಿನ ಹೊರಗೆ ಹೋಗಿ ನಿಂತೆ. ಒಳಗೆ ಪಂಪು ಓಡುತ್ತಿತ್ತು. ಅಕ್ಕ ಒಂದು ತಟ್ಟೆಯನ್ನು ತಲೆಕೆಳಗಾಗಿ ಹಿಡಿದುಕೊಂಡು, ಹಿಂದಿನ ತಟ್ಟೆ ಹೊರಬರುವುದನ್ನು ಕಾಯುತ್ತಿದ್ದಳು. ಗಾಜನ್ನು ತಟ್ಟಿದೆ. ತಿರುಗಿ ನನ್ನ ಮುಖ ನೋಡಿದಳು. ಆಕೆ ತಟ್ಟೆಯನ್ನು ಬಿಡಲಿಲ್ಲ. ಮೆಲ್ಲಗೆ ಮೇಲ್ಮುಖ ಮಾಡಿ, ಗಿಡಗಳು ಅಲುಗಾಡುವುದು ನಿಲ್ಲುವವರೆಗೆ ಹಿಡಿದಿದ್ದು, ಮೇಜಿನ ಮೇಲಿಟ್ಟು ಹೊರಗೆ ಬಂದಳು.

“ಹೋದ್ರಾ?”

“ಹೌದು.”

“ಇನ್ನೂ ಕೆಲವು ತಟ್ಟೆ ಉಳಿದಿದಾವೆ.”

“ಆ ಹುಡುಗಿ ಮಾಡ್ತಾಳೆ. ನೀವು ಹೊರಡಿ ಅಕ್ಕ.”

“ಮಾಡ್ತಾಳೆ,” ಎಂದಳು. ಕೈಗವಸು ಕಳಚಿದಳು. ಒಂದು ಬೆರಳು ಸಿಕ್ಕಿಕೊಂಡಿತು, ಎಳೆದಳು. “ನಾನು ಬರ್ದಿದ್ರೂ ಮಾಡೋರಿದ್ರು. ಅಲ್ವಾ ಮೇಡಂ?”

ಉತ್ತರ ಹೌದು ಎಂದಾಗಿತ್ತು. ಇಬ್ಬರಿಗೂ ಅದು ಗೊತ್ತಿತ್ತು.

ಮನೆಯಲ್ಲಿ ನಡೆದದ್ದನ್ನು ಮಗಳು ನನಗೆ ಹೇಳಿದಳು. ಅಪ್ಪ ಬೆಳಿಗ್ಗೆ ಎರಡು ಗುಟುಕು ಗಂಜಿ ಕುಡಿದಿದ್ದನಂತೆ. ಡಬ್ಬಿ ತೆರೆದು ಒಂದು ಎಲೆಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಸುತ್ತಲು ನೋಡಿ, ಆಗದೆ, ಹಾಗೇ ಕೈ ಇಟ್ಟುಕೊಂಡು ಒರಗಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆಯೆತ್ತಿ ನೋಡುವಷ್ಟರಲ್ಲಿ ಮುಗಿದಿತ್ತು.

ಅಕ್ಕ ಬಂದಳು. ಅಳಲಿಲ್ಲ. ಬಾಗಿಲವರೆಗೆ ಬಂದವಳು ಹೊಸ್ತಿಲಲ್ಲಿ ನಿಂತುಬಿಟ್ಟಳು. ನೆಲದ ಮೇಲೆ, ಗೋಡೆಯ ಪಕ್ಕ, ಬೋಗುಣಿ ಇರಬೇಕಾದ ಕಡೆ ಏನನ್ನೋ ಹುಡುಕಿದಳು. ಆಮೇಲೆ ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ಎತ್ತಿಕೊಂಡು, ತಟ್ಟೆಗೆ ಸುರಿದು, ಮೊಣಕೈವರೆಗೆ ಎರಡೂ ಕೈ ಅದ್ದಿ, ಒರೆಸದೆ, ತೊಟ್ಟಿಕ್ಕಿಸಿಕೊಂಡು ಬಂದು ಗಂಡನ ಪಕ್ಕದಲ್ಲಿ ಕೂತಳು. ಆತನ ರೋಗ ತನಗೆ ಅಂಟಬಾರದೆಂದು ಅಲ್ಲ. ತನ್ನ ಕೈಯಿಂದ ಆತನಿಗೆ ಏನೂ ಅಂಟಬಾರದೆಂದು. ಇಷ್ಟು ವರ್ಷ ಅಭ್ಯಾಸವಾಗಿದ್ದು ಅದೊಂದೇ: ಜತನ ಮಾಡಬೇಕಾದ್ದನ್ನು ಮುಟ್ಟುವ ಮೊದಲು ಹಾಲು.

“ಅಮ್ಮ, ಏನಮ್ಮ ಇದು?” ಎಂದಳು ಮಗಳು.

ಆಗ ಕೈ ನೋಡಿಕೊಂಡಳಂತೆ. “ಅಯ್ಯೋ,” ಎಂದಳು. “ಇದು ಅಲ್ಲಿಗೆ. ಇಲ್ಲಿಗಲ್ಲ.”

ಆದರೂ ಎದ್ದು ತೊಳೆಯಲಿಲ್ಲ. ತೊಡೆಯ ಮೇಲಿದ್ದ ಎಲೆಯನ್ನು ತೆಗೆದುಕೊಂಡಳು. ಬಹಳ ದಿನದಿಂದ ಡಬ್ಬಿಯಲ್ಲೇ ಕೂತಿದ್ದ ಎಲೆ ಗರಿಗರಿಯಾಗಿ ಒಣಗಿತ್ತು, ಬಾಗಿಸಿದರೆ ಮುರಿಯುವಂಥದ್ದು. ಅದಕ್ಕೇ ಮೇಸ್ತ್ರಿಗೆ ಆಗಿರಲಿಲ್ಲ, ಕೈ ನಡುಗಿದ್ದಕ್ಕೆ ಮಾತ್ರವಲ್ಲ. ಆಕೆಯ ಹಾಲಿನ ಒದ್ದೆ ಬೆರಳು ತಗಲಿದಲ್ಲೆಲ್ಲ ಎಲೆ ಮೆತ್ತಗಾಯಿತು. ನರ ಬಿಡಿಸಿದಳು, ಅಂಚು ಸವರಿದಳು, ಒಳಗೆ ಚೂರು ತುಂಬಿದಳು, ಸುತ್ತಿದಳು. ತೆಳ್ಳಗೆ, ಬಿಗಿಯಾಗಿ, ತುದಿ ಮಡಚಿ. ಅವನ ಅಂಗಿಯ ಜೇಬಿನಲ್ಲಿಟ್ಟಳು. ಆ ಜೇಬಿಗೂ ಮಗಳು ತೇಪೆ ಹಾಕಿದ್ದಳು.

ಆಮೇಲೆ ಅತ್ತಳು ಎಂದು ಮಗಳು ಹೇಳಿದಳು. ಅದರ ವಿವರವನ್ನು ನಾನು ಕೇಳಲಿಲ್ಲ.

ಉಳಿದ ತಟ್ಟೆಗಳನ್ನು ಆ ಹುಡುಗಿ ಅದ್ದಿದಳು. ಕೆಲವು ದಂಟು ಮುರಿದವು. ಅದರಿಂದ ಯಾವ ನಷ್ಟವೂ ಆಗಲಿಲ್ಲ. ಎಲೆ ಕೊಯ್ದೆವು. ಔಷಧ ತಯಾರಾಯಿತು, ಎಲ್ಲ ಪರೀಕ್ಷೆ ದಾಟಿತು. ಅಕ್ಕ ವಾರ ಕಳೆದ ಮೇಲೂ ಬರಲಿಲ್ಲ. ಕಾವಲುಗಾರನ ಕೈಯಲ್ಲಿ ಹೇಳಿ ಕಳಿಸಿದೆ. “ಕೈ ಶುದ್ಧ ಆದ್ಮೇಲೆ ಬರ್ತಾರಂತೆ,” ಎಂದು ಅವನು ಉತ್ತರ ತಂದ. ಮತ್ತೊಮ್ಮೆ ಕಳಿಸಿದಾಗಲೂ ಅದೇ ಉತ್ತರ. ಆಕೆಯ ಜಾಗವನ್ನು ಬಹಳ ದಿನ ಖಾಲಿ ಇಟ್ಟು, ಒಂದು ಮಧ್ಯಾಹ್ನ ನಾನೇ ಹೋದೆ.

ಚಿಕ್ಕ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇನ್ನೂ ಇತ್ತು. ಹಿತ್ತಲ ಮೆಟ್ಟಿಲ ಮೇಲೆ, ಮೇಸ್ತ್ರಿ ಕೂರುತ್ತಿದ್ದ ಜಾಗದಲ್ಲಿ ಅಕ್ಕ ಕೂತಿದ್ದಳು, ಮಡಿಲಲ್ಲಿ ತಗಡಿನ ಡಬ್ಬಿ. ನನ್ನನ್ನು ನೋಡಿ ಎದ್ದು, ಕುರ್ಚಿ ತಂದು ಹಾಕಿ, ಮತ್ತೆ ಅಲ್ಲೇ ಕೂತಳು. ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಚುಟ್ಟಗಳು ಸಾಲಾಗಿದ್ದವು. ಹಳೆಯವು ಬಿಸಿಲಿಗೆ ಬಣ್ಣ ಬಿಟ್ಟಿದ್ದವು.

“ಇದೇನು ಅಕ್ಕ?”

“ದಿನಾ ಒಂದು ಸುತ್ತಿಡ್ತೀನಿ ಮೇಡಂ. ಡಬ್ಬಿ ತುಂಬ ಸುತ್ತಿಡ್ತೀನಿ ಅಂದಿದ್ದೆ ಅವರಿಗೆ. ಡಬ್ಬಿ ತುಂಬಿದ ಮೇಲೂ ಸುಮ್ಮನಿರೋಕೆ ಆಗ್ಲಿಲ್ಲ. ಕಿಟಕಿ ಮೇಲೆ ಇಟ್ಟೆ.”

“ಹೀಗೆ ದಿನಾ ಮುಟ್ಟಿದ್ರೆ ನೀವು ಯಾವತ್ತೂ ಒಳಗೆ ಬರೋಕಾಗಲ್ಲ.”

“ಗೊತ್ತು.”

“ಇದರಿಂದ ಅವರಿಗೇನೂ ತಲುಪೋದಿಲ್ಲ.”

“ಅದೂ ಗೊತ್ತು ಮೇಡಂ. ನೀವು ಹೇಳ್ಬೇಕಾ?” ಎಂದು ನಕ್ಕಳು. ಹಲ್ಲು ಕಾಣದ ನಗು. “ಒಂದು ಸಲ ಕೇಳಿದ್ರು. ಆಗ ಕೈನ ಅಲ್ಲಿಗೆ ಅಂತ ಇಟ್ಕೊಂಡೆ. ಈಗ ಇಲ್ಲಿಗಿರ್ಲಿ ಬಿಡಿ.”

ಟೀ ಕೊಟ್ಟಳು, ಕರಿ ಟೀ. ಸ್ವಲ್ಪ ಹೊತ್ತಿನ ಮೇಲೆ, “ಆ ಮಗುಗೆ ಔಷಧಿ ಹೋಯ್ತಾ?” ಎಂದು ಕೇಳಿದಳು.

“ಹೋಯ್ತು.”

“ಗುಣ ಆಯ್ತಾ?”

“ಅಷ್ಟು ಬೇಗ ಹೇಳೋಕಾಗಲ್ಲ. ಹೊಟ್ಟೆಯ ಊತ ಸ್ವಲ್ಪ ಇಳಿದಿದೆಯಂತೆ.”

“ಇಳೀಲಿ,” ಎಂದಳು. ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. “ಗಿಡ ಚೆನ್ನಾಗಿ ಬಂದಿತ್ತು ಮೇಡಂ. ಒಂದು ಮಚ್ಚೆ ಇರ್ಲಿಲ್ಲ.”

“ಇರಲಿಲ್ಲ.”

ಹೊರಡುವಾಗ ಬಾಗಿಲವರೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಹಿಡಿದ ಮೇಲೆ ನೆನಪಾಗಿ, ಬೆಂಕಿ ಮುಟ್ಟಿದವಳಂತೆ ಬಿಟ್ಟಳು. “ಅಯ್ಯೋ, ಮುಟ್ಟಿಬಿಟ್ನಲ್ಲ! ನೀವು ಒಳಗೆ ಹೋಗೋರು. ಹಾಲು ತರ್ಲಾ ಮೇಡಂ?”

“ಬೇಡ,” ಎಂದೆ. ಆ ಕೈಗಳನ್ನು ನಾನು ಮತ್ತೆ ಹಿಡಿದುಕೊಂಡೆ. ಒರಟಾಗಿದ್ದವು, ಬೆರಳ ತುದಿ ಕಂದು.

ಸಂಸ್ಥೆಯ ಗೇಟಿನಲ್ಲಿ ಕಾವಲುಗಾರ ಸಲಾಂ ಹೊಡೆದವನು ತಲೆ ತಗ್ಗಿಸಿ ಮೂಸಿ ನೋಡಿದ. “ಮೇಡಂ… ತಪ್ಪು ತಿಳ್ಕೋಬೇಡಿ. ವಾಸನೆ…”

“ಗೊತ್ತು,” ಎಂದೆ. “ಒಂದು ವಾರ ನನ್ನನ್ನ ಗಾಜಿನಮನೆ ಕಡೆ ಬಿಡಬೇಡಿ.”

ಆ ವಾರ ನಾನು ಗಿಡಗಳನ್ನು ಹೊರಗಿನಿಂದಲೇ ನೋಡಿದೆ.